ಬಿಯಾನ್ ಕಾಲುವೆಯ ಪೇಟೆ: ಒಂದು ಸುರುಳಿಚಿತ್ರವನ್ನು ನೀರಿನ ಕಡೆಯಿಂದ ನೋಡಿದಾಗ

ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿ ರೇಷ್ಮೆಯ ಮೇಲೆ ಕಪ್ಪು ಶಾಯಿಯಿಂದ ಬರೆದು, ಅಲ್ಲಲ್ಲಿ ತೆಳುವಾಗಿ ಬಣ್ಣ ಹಾಯಿಸಿದ ಒಂದು ಸುರುಳಿಚಿತ್ರವಿದೆ. ಅದರ ಎತ್ತರ 24.8 ಸೆಂಟಿಮೀಟರ್, ಉದ್ದ 528 ಸೆಂಟಿಮೀಟರ್. ಚೀನಾದ ಚಿಂಗ್‌ಮಿಂಗ್ ಹಬ್ಬದ ಹೆಸರನ್ನು ಹೊತ್ತ ಈ ಚಿತ್ರವನ್ನು ಉತ್ತರ ಸಾಂಗ್ ರಾಜವಂಶದ ಕೊನೆಗಾಲದಲ್ಲಿ, ಅಂದರೆ 12ನೇ ಶತಮಾನದ ಮೊದಲ ದಶಕಗಳಲ್ಲಿ, ಜಾಂಗ್ ಜೆದುವಾನ್ ಎಂಬ ಚಿತ್ರಕಾರ ಬರೆದನೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಅವನ ಬಗ್ಗೆ ನಮಗೆ ತಿಳಿದಿರುವುದೆಲ್ಲ ಸುರುಳಿಯ ಕೊನೆಯಲ್ಲಿ 1186ರಲ್ಲಿ ಜಾಂಗ್ ಜು ಎಂಬುವನು ಬರೆದಿಟ್ಟ ಕೆಲವೇ ಸಾಲುಗಳಿಂದ: ಹುಡುಗನಾಗಿದ್ದಾಗ ಓದಲೆಂದು ರಾಜಧಾನಿಗೆ ಬಂದವನು, ಆಮೇಲೆ ಚಿತ್ರಕಲೆಗೆ ತಿರುಗಿದವನು, ದೋಣಿ, ಬಂಡಿ, ಪೇಟೆ, ಸೇತುವೆ, ಕೋಟೆಗೋಡೆಗಳನ್ನು ಅಳತೆಗೋಲು ಹಿಡಿದು ಕರಾರುವಾಕ್ಕಾಗಿ ಬರೆಯುವುದರಲ್ಲಿ ಪಳಗಿದವನು.

ಆ ಕೊನೆಯ ಮಾತು ನನ್ನನ್ನು ಈ ಚಿತ್ರದ ಕಡೆಗೆ ಸೆಳೆಯಿತು. ನೀರಾವರಿ ಕಾಲುವೆಗಳ ಅಡ್ಡಕೊಯ್ತದ ನಕ್ಷೆ ಬರೆಯುವ ಕೆಲಸದಲ್ಲಿ ನನ್ನ ದುಡಿಮೆಯ ಬಹುಕಾಲ ಕಳೆದಿದೆ. ಹಾಗಾಗಿ ಯಾವುದೇ ಕಾಲುವೆಯ ಚಿತ್ರ ಕಂಡರೂ ದಡದ ಮೇಲಿನ ಅಂಗಡಿಗಳಿಗಿಂತ ಮೊದಲು ನೀರಿನ ಮಟ್ಟ, ಏರಿಯ ಇಳಿಜಾರು, ಸೇತುವೆಯ ಬುಡ, ಇವುಗಳ ಮೇಲೆ ನನ್ನ ಕಣ್ಣು ಹೋಗುತ್ತದೆ. ಈ ಸುರುಳಿಯ ಕುರಿತು ನಡೆದಿರುವ ಚರ್ಚೆ ಅಪಾರ. ಇದು ಯಾವ ಊರು, ಯಾವ ಋತು, ಚಿತ್ರಕಾರನ ಉದ್ದೇಶ ಹೊಗಳಿಕೆಯೋ ಎಚ್ಚರಿಕೆಯೋ ಎಂಬ ಮೂರು ಪ್ರಶ್ನೆಗಳ ಸುತ್ತಲೇ ಅದರ ಬಹುಭಾಗ ಸುತ್ತುತ್ತದೆ. ಆ ಮೂರಕ್ಕೂ ಉತ್ತರ ಹುಡುಕುವವರು ಮೊದಲು ಕಾಲುವೆಯ ಕೆಲಸವನ್ನು ಅರ್ಥ ಮಾಡಿಕೊಳ್ಳಬೇಕು ಎಂಬುದು ನನ್ನ ನಂಬಿಕೆ. ಚಿತ್ರದಲ್ಲಿರುವ ಜನರೆಲ್ಲ ಅಲ್ಲಿ ಸೇರಿರುವುದಕ್ಕೆ ಆ ನೀರೇ ಕಾರಣ, ಚಿತ್ರಕಾರನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಸುರುಳಿಯನ್ನು ಬಲದಿಂದ ಎಡಕ್ಕೆ, ಎರಡು ಕೈಗಳ ನಡುವೆ ಹಿಡಿಯುವಷ್ಟನ್ನು ಮಾತ್ರ ಬಿಚ್ಚುತ್ತ, ನೋಡಿದ್ದನ್ನು ಸುತ್ತುತ್ತ ನೋಡಬೇಕು. ಆರಂಭದಲ್ಲಿ ಮಂಜು ಕವಿದ ಹೊಲಗಳು, ಬೋಳು ಮರಗಳು, ಇದ್ದಿಲು ಹೊತ್ತು ಸಾಲಾಗಿ ಬರುತ್ತಿರುವ ಕತ್ತೆಗಳು. ಸ್ವಲ್ಪ ಮುಂದೆ ಚಿಗುರು ಕೊಂಬೆಗಳಿಂದ ಅಲಂಕರಿಸಿದ ಪಲ್ಲಕ್ಕಿಯೊಂದು ಊರಿನ ಕಡೆಗೆ ಹೊರಟಿದೆ. ಅದರ ಬಳಿ ಓಡುತ್ತಿರುವ ಒಂದು ಪ್ರಾಣಿಯ ಭಾಗ ರೇಷ್ಮೆ ಹಾಳಾಗಿ ಅಳಿಸಿಹೋಗಿದೆ. ಆಮೇಲೆ ಕಾಲುವೆ ಕಾಣಿಸಿಕೊಳ್ಳುತ್ತದೆ, ದೋಣಿಗಳು ಬರುತ್ತವೆ, ಮಧ್ಯದಲ್ಲಿ ಕಮಾನಿನಂತೆ ಬಾಗಿದ ದೊಡ್ಡ ಮರದ ಸೇತುವೆ ಬರುತ್ತದೆ. ಸೇತುವೆ ದಾಟಿದ ಮೇಲೆ ಚಿತ್ರ ನೀರನ್ನು ಬಿಟ್ಟು ಬೀದಿಗೆ ಹೊರಳಿ, ಒಂಟೆಗಳು ಹೊರಬೀಳುತ್ತಿರುವ ಊರಬಾಗಿಲನ್ನು ಹಾದು, ಮದ್ಯದ ಮಳಿಗೆ, ಅಗರು ಮತ್ತು ಶ್ರೀಗಂಧ ಮಾರುವ ಲಿಯು ಮನೆತನದ ಅಂಗಡಿ, ವೈದ್ಯನ ಮನೆ ಇವುಗಳೊಂದಿಗೆ ಮುಗಿಯುತ್ತದೆ.

ಆ ಕಾಲುವೆ ಬಿಯಾನ್. ಸುಯಿ ರಾಜವಂಶದ ಚಕ್ರವರ್ತಿ ಯಾಂಗ್ 605ರಲ್ಲಿ ಹಳದಿ ನದಿಯನ್ನೂ ಹುವಾಯ್ ನದಿಯನ್ನೂ ಜೋಡಿಸಲು ತೋಡಿಸಿದ ಜಲಮಾರ್ಗದ ಮುಂದುವರಿಕೆ ಅದು. ಸಾಂಗ್ ಅರಸರು ಕೈಫೆಂಗನ್ನು ರಾಜಧಾನಿ ಮಾಡಿಕೊಂಡದ್ದರ ಹಿಂದೆ ಈ ಕಾಲುವೆಯೇ ಇದೆ. ಸುತ್ತ ಬೆಟ್ಟಗಳಿಲ್ಲದ, ಕಾವಲಿಗೆ ಕಷ್ಟವಾದ ಬಯಲುಸೀಮೆಯ ಊರು ಅದು. ಆದರೆ ಆಗ್ನೇಯದ ಭತ್ತದ ನಾಡಿನಿಂದ ಧಾನ್ಯ ನೇರವಾಗಿ ನೀರಿನ ಮೇಲೆ ಅಲ್ಲಿಗೆ ಬಂದು ಸೇರುತ್ತಿತ್ತು. 11ನೇ ಶತಮಾನದಲ್ಲಿ ವರ್ಷಕ್ಕೆ 60 ಲಕ್ಷ ಷಿ ಧಾನ್ಯ ಈ ದಾರಿಯಲ್ಲಿ ಬರಬೇಕೆಂಬುದು ಸರಕಾರದ ಲೆಕ್ಕ. ಒಂದು ಷಿ ಎಂದರೆ ಹಮಾಲಿಯೊಬ್ಬ ಬೆನ್ನ ಮೇಲೆ ಹೊರುವ ಒಂದು ದೊಡ್ಡ ಮೂಟೆ ಎಂದುಕೊಂಡರೆ ಸಾಕು. ಹತ್ತು ಲಕ್ಷದ ಆಸುಪಾಸಿನ ಜನ, ಅವರ ಜೊತೆಗೆ ದೊಡ್ಡ ಸೈನ್ಯ, ಎಲ್ಲರೂ ಆ ಮೂಟೆಗಳನ್ನು ನಂಬಿಕೊಂಡಿದ್ದರು.

ನಂಬಿಕೊಂಡ ನೀರು ಮಾತ್ರ ಸುಲಭದ್ದಲ್ಲ. ಹಳದಿ ನದಿಯಿಂದ ಬಂದ ನೀರೆಂದರೆ ಹೂಳು ತುಂಬಿದ ನೀರು. ಕೆರೆಯ ಹೂಳೆತ್ತುವುದನ್ನು ಒಂದೆರಡು ದಶಕ ಮುಂದೂಡಿದರೆ ಏನಾಗುತ್ತದೆಂದು ನಮ್ಮ ಬಯಲುಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿಯಾನ್ ಕಾಲುವೆಗೂ ಅದೇ ಆಯಿತು. 1072ರಲ್ಲಿ ಈ ಕಾಲುವೆಯ ಮಟ್ಟವನ್ನು ಅಳೆಯುವ ಕೆಲಸ ಮಾಡಿದ ಶೆನ್ ಕುವೊ, ಮೊದಲಿದ್ದ ವಾರ್ಷಿಕ ಹೂಳೆತ್ತುವ ಪದ್ಧತಿ ಬಿದ್ದುಹೋಗಿ, ರಾಜಧಾನಿಯ ಪೂರ್ವದ ನೀರಬಾಗಿಲಿನಿಂದ ಮುಂದಕ್ಕೆ ಕಾಲುವೆಯ ತಳವೇ ಹೊರಗಿನ ನೆಲಕ್ಕಿಂತ ಎರಡು ಆಳಿನಷ್ಟು, ಇಂದಿನ ಅಳತೆಯಲ್ಲಿ ಮೂರೂವರೆ ಮೀಟರಿಗೂ ಹೆಚ್ಚು, ಎತ್ತರವಾಗಿತ್ತೆಂದು ಬರೆದಿದ್ದಾನೆ. ಏರಿಯ ಮೇಲೆ ನಿಂತು ನೋಡಿದರೆ ಜನರ ಮನೆಗಳು ಆಳವಾದ ಕಣಿವೆಯಲ್ಲಿದ್ದಂತೆ ಕಾಣುತ್ತಿದ್ದವಂತೆ. ಚಳಿಗಾಲದಲ್ಲಿ ಹಳದಿ ನದಿಯ ಕಡೆಯ ಬಾಯಿಯನ್ನು ಮುಚ್ಚಿ, ವಸಂತದಲ್ಲಿ ತೆರೆಯುವುದು ವಾಡಿಕೆಯಾಗಿತ್ತು. 1079ರಲ್ಲಿ ಹಳದಿ ನದಿಯ ಬದಲು ಹೂಳು ಕಡಿಮೆಯಿರುವ ಲುವೊ ನದಿಯ ನೀರನ್ನು ತಿರುಗಿಸುವ ದೊಡ್ಡ ಯೋಜನೆಯನ್ನೂ ಕೈಗೊಂಡರು. ಆಮೇಲೆ ಹುಟ್ಟಿದ ಚಿತ್ರ ಇದು. ಇದರಲ್ಲಿ ಮನೆಗಳು ಕಣಿವೆಯಲ್ಲಿಲ್ಲ. ದಡಕ್ಕೆ ಸಮನಾಗಿ, ಮಾಡಿನ ನೆರಳು ನೀರಿಗೆ ಬೀಳುವಷ್ಟು ಹತ್ತಿರದಲ್ಲಿವೆ. ಅಳತೆಗೋಲು ಹಿಡಿದು ಬರೆಯುವ ಕೈ ಎಲ್ಲೆಲ್ಲಿ ಅಳತೆಯನ್ನು ಬಿಟ್ಟುಕೊಟ್ಟಿರಬಹುದು ಎಂದು ಹುಡುಕುವವರು ಮೊದಲು ಇಲ್ಲಿ ನಿಲ್ಲಬೇಕು.

ಈಗ ಸೇತುವೆಯ ಬಳಿಗೆ ಬರೋಣ. ಇಡೀ ಸುರುಳಿಯಲ್ಲಿ ಚಿತ್ರಕಾರ ಅತ್ಯಂತ ಹೆಚ್ಚು ಜನರನ್ನು ಒತ್ತೊತ್ತಾಗಿ ಕೂಡಿಸಿದ ಜಾಗ ಇದು. ದೊಡ್ಡ ದೋಣಿಯೊಂದು ಸೇತುವೆಯ ಕೆಳಗೆ ನುಗ್ಗುವುದರಲ್ಲಿದೆ, ಆದರೆ ಅದರ ಕೂವೆಮರ ಇನ್ನೂ ಪೂರ್ತಿ ಮಲಗಿಲ್ಲ. ಎರಡು ಕಾಲಿನ, ಮೇಲೆ ಕೂಡಿಕೊಂಡ ಕೂವೆಮರವನ್ನು ದೋಣಿಯ ಮಾಡಿನ ಮೇಲೆ ನಿಂತವರು ಅವಸರದಿಂದ ಇಳಿಸುತ್ತಿದ್ದಾರೆ. ಸುಳಿಯುವ ನೀರು ದೋಣಿಯ ಮೂತಿಯನ್ನು ಒಂದು ಕಡೆಗೆ ತಿರುಗಿಸಿಬಿಟ್ಟಿದೆ. ಒಬ್ಬ ಉದ್ದನೆಯ ಗಳವನ್ನು ಸೇತುವೆಯ ಹೊಟ್ಟೆಗೆ ಆನಿಸಿ ತಡೆಯುತ್ತಿದ್ದಾನೆ, ಇನ್ನು ಕೆಲವರು ಗಳಗಳನ್ನು ನೀರಿಗೆ ಊರಿ ಹೆಣಗುತ್ತಿದ್ದಾರೆ. ಮೇಲಿನಿಂದ ಹಗ್ಗ ಬರುತ್ತಿದೆ. ಸೇತುವೆಯ ಕಟಾಂಜನಕ್ಕೆ ಜನ ಮುಗಿಬಿದ್ದು, ಕೈ ಚಾಚಿ, ಬಾಯಿ ತೆರೆದು ಕೂಗಿ ಹೇಳುತ್ತಿದ್ದಾರೆ. ಕಟಾಂಜನವನ್ನು ದಾಟಿ ಹೊರಗಿನ ಅಂಚಿನ ಮೇಲೇ ಕೆಲವರು ನಿಂತಿದ್ದಾರೆ. ಅದೇ ಹೊತ್ತಿಗೆ ಸೇತುವೆಯ ನಡುವೆ ಪಲ್ಲಕ್ಕಿಯವರಿಗೂ ಕುದುರೆ ಸವಾರನಿಗೂ ದಾರಿ ಬಿಡುವ ತಕರಾರು. ಎರಡೂ ಬದಿಯಲ್ಲಿ ಚಪ್ಪರ ಹಾಕಿಕೊಂಡು ಹಗ್ಗ, ಕತ್ತರಿ, ಚಾಕುಗಳನ್ನು ಹರವಿಕೊಂಡ ವ್ಯಾಪಾರಿಗಳು. ಸೇತುವೆಯ ನಾಲ್ಕು ಮೂಲೆಗಳಲ್ಲಿ ತುದಿಗೆ ಹಕ್ಕಿಯ ಆಕಾರವಿರುವ ಎತ್ತರದ ಕಂಬಗಳಿವೆ. ಅವು ಗಾಳಿಯ ದಿಕ್ಕು ತೋರಿಸುವ ಕಂಬಗಳೆಂದು ಹಲವರು ಹೇಳುತ್ತಾರೆ.

ಬಹಳ ಜನ ಈ ದೃಶ್ಯವನ್ನು ನಾಟಕೀಯತೆಗಾಗಿ ಮೆಚ್ಚುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಕೂವೆಮರದ ಕೆಲಸ. ಸುರುಳಿಯಲ್ಲಿ ಎಲ್ಲಿಯೂ ಬಿಚ್ಚಿದ ಹಾಯಿ ಇಲ್ಲ. ಈ ಕೂವೆಮರಗಳು ಹಾಯಿ ಕಟ್ಟಲು ನಿಂತವಲ್ಲ, ಎಳೆಹಗ್ಗ ಕಟ್ಟಲು ನಿಂತವು. ಹಗ್ಗದ ಒಂದು ತುದಿ ಕೂವೆಯ ನೆತ್ತಿಯಲ್ಲಿ, ಇನ್ನೊಂದು ತುದಿ ದಡದ ಮೇಲೆ ಮುಂದಕ್ಕೆ ಬಾಗಿ ನಡೆಯುವ ಐದಾರು ಜನರ ಹೆಗಲಿನಲ್ಲಿ. ಕೂವೆ ಎತ್ತರವಾಗಿದ್ದಷ್ಟೂ ಹಗ್ಗ ದಡದ ಮರಗಳಿಗೂ ಕಟ್ಟಿಹಾಕಿದ ದೋಣಿಗಳಿಗೂ ಸಿಕ್ಕಿಕೊಳ್ಳುವುದು ಕಡಿಮೆ. ಆದರೆ ಸೇತುವೆ ಬಂದಾಗ ಎಳೆತ ನಿಲ್ಲಿಸಬೇಕು, ಹಗ್ಗ ಕಳಚಬೇಕು, ಕೂವೆ ಮಲಗಿಸಬೇಕು, ಆ ಕೆಲವು ಗಳಿಗೆ ದೋಣಿ ಗಳ ಮತ್ತು ಹುಟ್ಟುಗಳ ವಶದಲ್ಲಿರುತ್ತದೆ. ಚಿತ್ರಕಾರ ಆರಿಸಿಕೊಂಡಿರುವುದು ಸರಿಯಾಗಿ ಆ ಗಳಿಗೆಯನ್ನು. ಇದು ಕಾಲುವೆಯ ದಿನನಿತ್ಯದ ಕೆಲಸದಲ್ಲಿ ಅತ್ಯಂತ ಬಿಗಿಯಾದ ಹೊತ್ತು ಎಂದು ತಿಳಿಯಬೇಕಾದರೆ ದಡದಲ್ಲಿ ನಿಂತು ಅದನ್ನು ಮತ್ತೆ ಮತ್ತೆ ನೋಡಿರಬೇಕು. ದೋಣಿಗಳ ಹಿಂಬದಿಯ ಚುಕ್ಕಾಣಿಗಳನ್ನು ಗಮನಿಸಿದರೂ ಇದೇ ತಿಳಿಯುತ್ತದೆ: ಹಲಗೆಯ ಒಂದಷ್ಟು ಭಾಗ ತಿರುಗುಗಂಬದ ಮುಂದಕ್ಕೂ ಚಾಚಿರುವ, ನೀರು ಕಡಿಮೆಯಾದಲ್ಲಿ ಮೇಲಕ್ಕೆತ್ತಬಹುದಾದ ಸಮತೋಲದ ಚುಕ್ಕಾಣಿ ಅದು. ಕೈಗೆ ಹಗುರಾಗುವ ಈ ರಚನೆಯನ್ನು ಅವನು ಹಗ್ಗ ಸಮೇತ ಬರೆದಿದ್ದಾನೆ.

ಸೇತುವೆಗೆ ನಡುಗಂಬಗಳೇ ಇಲ್ಲದಿರುವುದಕ್ಕೂ ಇದೇ ಕಷ್ಟ ಕಾರಣ. ಆ ಕಾಲದ ಬರಹವೊಂದರ ಪ್ರಕಾರ 1032-33ರ ಸುಮಾರಿಗೆ ಚಿಂಗ್‌ಝೌ ಎಂಬ ಊರಿನಲ್ಲಿ, ಸೆರೆಮನೆಯ ಕಾವಲಿನಲ್ಲಿದ್ದು ಕೆಲಸ ಬಿಟ್ಟ ಒಬ್ಬ ಸಾಮಾನ್ಯ ಮನುಷ್ಯ ಕಂಬವಿಲ್ಲದ ಸೇತುವೆಯ ಉಪಾಯವನ್ನು ಹೂಡಿದ. ಎರಡು ದಡಗಳಲ್ಲಿ ದೊಡ್ಡ ಕಲ್ಲುಗಳನ್ನು ಪೇರಿಸಿ ಬಿಗಿಮಾಡಿ, ಹತ್ತಾರು ಭಾರೀ ತೊಲೆಗಳನ್ನು ಒಂದರೊಳಗೊಂದು ಹೆಣೆದು ಕಮಾನಾಗಿ ನಿಲ್ಲಿಸಿದರು. ಅದು ಐವತ್ತು ವರ್ಷ ದಾಟಿದರೂ ಕೆಡಲಿಲ್ಲವಂತೆ. ಮುಂದೆ 1040ರ ದಶಕದಲ್ಲಿ ಬಿಯಾನ್ ದಡದ ಸುಝೌ ಎಂಬಲ್ಲಿ (ಇದು ರೇಷ್ಮೆಗೂ ಉದ್ಯಾನಗಳಿಗೂ ಹೆಸರಾದ ಸುಝೌ ಅಲ್ಲ, ಬೇರೊಂದು ಊರು) ಚೆನ್ ಶಿಲಿಯಾಂಗ್ ಎಂಬ ಅಧಿಕಾರಿ, ಸೇತುವೆಯ ಕಂಬಗಳಿಗೆ ಬಡಿದು ಸರಕಾರಿ ದೋಣಿಗಳು ಒಡೆಯುವುದನ್ನೂ ಜನ ಸಾಯುವುದನ್ನೂ ಕಂಡು, ಚಿಂಗ್‌ಝೌ ಮಾದರಿಯಲ್ಲೇ ಸೇತುವೆ ಕಟ್ಟಿಸಿದ. ಕಾಲುವೆಯ ಉದ್ದಕ್ಕೂ ಅದೇ ಮಾದರಿ ಹಬ್ಬಿತು. ಚಿತ್ರದ ಸೇತುವೆಯನ್ನು ದೊಡ್ಡದು ಮಾಡಿ ನೋಡಿದರೆ ತೊಲೆಗಳ ಹೆಣಿಗೆ, ಅಡ್ಡತೊಲೆಗಳ ತುದಿಗಳು, ದಡದ ಕಲ್ಲುಕಟ್ಟಡ ಎಲ್ಲವನ್ನೂ ಗುರುತಿಸಬಹುದು. 1999ರಲ್ಲಿ ಶಾಂಘೈ ಬಳಿಯ ಜಿನ್‌ಜೆ ಎಂಬ ಕಾಲುವೆ ಪಟ್ಟಣದಲ್ಲಿ ಈ ಚಿತ್ರವನ್ನು ಆಧಾರವಾಗಿಟ್ಟುಕೊಂಡು ಇಂಥದೇ ಸೇತುವೆಯನ್ನು ಕಟ್ಟಿ ನಿಲ್ಲಿಸಿದರು. ಫುಜಿಯಾನ್ ಮತ್ತು ಝೆಜಿಯಾಂಗ್ ಪ್ರಾಂತ್ಯಗಳಲ್ಲಿ ತೊಲೆ ಹೆಣೆದು ಕಮಾನು ಸೇತುವೆ ಕಟ್ಟುವ ವಿದ್ಯೆ ಇಂದಿಗೂ ಉಳಿದಿದ್ದು, 2009ರಲ್ಲಿ ಯುನೆಸ್ಕೊ ಅದನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂಬೈನೂರು ವರ್ಷ ಹಳೆಯ ರೇಖೆಗಳನ್ನು ನೋಡಿ ಭಾರ ಹೊರುವ ಸೇತುವೆಯನ್ನು ಕಟ್ಟಲು ಸಾಧ್ಯವಾದದ್ದು ನನ್ನಂಥವರಿಗೆ ಮೈ ಜುಮ್ಮೆನಿಸುವ ಸಂಗತಿ.

ಸೇತುವೆಗೆ ಮೊದಲೇ, ಕಾಲುವೆ ಚಿತ್ರದೊಳಗೆ ಬರುವ ಜಾಗದಲ್ಲಿ, ಅವಸರದ ನೋಟಕ್ಕೆ ತಪ್ಪಿಹೋಗುವ ಒಂದು ಚಿಕ್ಕ ಗುಂಪಿದೆ. ದಡಕ್ಕೆ ಕಟ್ಟಿದ ದೋಣಿಯಿಂದ ಹಮಾಲಿಗಳು ಮೂಟೆ ಹೊತ್ತು ಹಲಗೆಯ ಮೇಲೆ ಇಳಿಯುತ್ತಿದ್ದಾರೆ. ಮೂಟೆಯ ಭಾರಕ್ಕೆ ಕತ್ತು ಮುಂದಕ್ಕೆ ಬಾಗಿದೆ. ದಡದಲ್ಲಿ ಮೂಟೆಗಳ ಮೇಲೆಯೇ ಕುಳಿತ ಮನುಷ್ಯನೊಬ್ಬ ಬಂದವರಿಗೆ ಎಣಿಕೆಯ ಕಡ್ಡಿಗಳನ್ನು ಕೊಡುತ್ತಿದ್ದಾನೆ. ಮೂಟೆಗೊಂದು ಕಡ್ಡಿ, ಸಂಜೆ ಕಡ್ಡಿ ಎಣಿಸಿ ಕೂಲಿ. 60 ಲಕ್ಷ ಷಿ ಎಂಬ ಸಂಖ್ಯೆ ನೆಲಕ್ಕೆ ಇಳಿಯುವುದು ಹೀಗೆ, ಒಬ್ಬೊಬ್ಬನ ಬೆನ್ನಿನಿಂದ. ಸರಕಾರದ ದಾಖಲೆಗಳಲ್ಲಿ ಈ ಜನರ ಹೆಸರಿಲ್ಲ, ಆದರೆ ಈ ರೇಷ್ಮೆಯ ಮೇಲೆ ಅವರ ಮೈಭಾಷೆ ಉಳಿದಿದೆ. ಚಿತ್ರದಲ್ಲಿ ಒಟ್ಟು ಎಷ್ಟು ಜನರಿದ್ದಾರೆಂಬುದರ ಲೆಕ್ಕ ಎಣಿಸಿದವರಲ್ಲಿ ಒಬ್ಬೊಬ್ಬರದು ಒಂದೊಂದು. ಹೆಂಗಸರು ಮಾತ್ರ ತೀರಾ ಕಡಿಮೆ, ಮತ್ತು ಅದು ಊರಿನ ಸಂಗತಿಯೋ ಚಿತ್ರಕಾರನ ಕಣ್ಣಿನ ಮಿತಿಯೋ ಎಂದು ಕೇಳಿಕೊಳ್ಳಲೇಬೇಕು. ಅಷ್ಟು ದೊಡ್ಡ ಊರಿನ ಬೀದಿಯಲ್ಲಿ ಅವರು ಇಷ್ಟೇ ಇದ್ದಿರಲಾರರು ಎಂಬುದು ನನ್ನ ಅಭಿಪ್ರಾಯ.

ಋತುವಿನ ಚರ್ಚೆಗೆ ಬಂದರೆ, ಚಿಂಗ್‌ಮಿಂಗ್ ಎಂಬುದು ಏಪ್ರಿಲ್ ಮೊದಲ ವಾರದಲ್ಲಿ ಹಿರಿಯರ ಸಮಾಧಿಗಳಿಗೆ ಹೋಗಿ ಶುಚಿಮಾಡಿ ಪೂಜಿಸುವ ಹಬ್ಬ. ಕೊಂಬೆ ಸಿಕ್ಕಿಸಿದ ಪಲ್ಲಕ್ಕಿಯೂ ಆಗತಾನೆ ಚಿಗುರುತ್ತಿರುವ ವಿಲೋ ಮರಗಳೂ ಅದನ್ನೇ ಹೇಳುತ್ತವೆಂದು ಬಹಳ ಜನ ನಂಬಿದ್ದರು. ಇದು ಶರತ್ಕಾಲವೆಂದು ವಾದಿಸುವವರು ಜನರ ಕೈಯಲ್ಲಿರುವ ಬೀಸಣಿಗೆಗಳನ್ನು, ಅಂಗಡಿಯಲ್ಲಿ ಹೆಚ್ಚಿಟ್ಟ ಕಲ್ಲಂಗಡಿಯಂತೆ ಕಾಣುವ ಹೋಳುಗಳನ್ನು, ಹೊಸ ಮದ್ಯ ಬಂದಿದೆಯೆಂದು ಸಾರುವ ಬಾವುಟವನ್ನು, ಚಳಿಗಾಲಕ್ಕೆ ಕೂಡಿಡಲು ತರುತ್ತಿರುವ ಇದ್ದಿಲನ್ನು ಮುಂದಿಡುತ್ತಾರೆ. ಪ್ರತಿಯೊಂದಕ್ಕೂ ಮರುಮಾತಿದೆ: ಬೀಸಣಿಗೆ ಪರಿಚಯದವರಿಂದ ಮುಖ ಮರೆಸಲು, ಹೋಳುಗಳು ತಿಂಡಿ, ಇದ್ದಿಲು ಎಲ್ಲ ಕಾಲಕ್ಕೂ ಬೇಕು. ಈ ಜಗ್ಗಾಟದಲ್ಲಿ ನಾನು ಕಾಲುವೆಯ ಸಾಕ್ಷಿಗೆ ಹೆಚ್ಚು ಬೆಲೆ ಕೊಡುತ್ತೇನೆ. ಹಿಂದಿನ ಪದ್ಧತಿಯಂತೆ ವರ್ಷದ ಮೊದಲ ಧಾನ್ಯದ ದೋಣಿಸಾಲು ಬಿಯಾನ್ ಒಳಗೆ ಬರುತ್ತಿದ್ದದ್ದು ಚಿಂಗ್‌ಮಿಂಗ್ ದಿನ ಎಂದು ಸಾಂಗ್ ಕಾಲದ ದಾಖಲೆ ಹೇಳುತ್ತದೆ. ತಿಂಗಳುಗಟ್ಟಲೆ ಮುಚ್ಚಿದ್ದ ಜಲಮಾರ್ಗ ತೆರೆದು, ದಕ್ಷಿಣದ ಅಕ್ಕಿ ಬಂದು, ಹಮಾಲಿಗಳಿಗೆ ಕೂಲಿ ಹುಟ್ಟಿ, ಸೇತುವೆಯ ಮೇಲೆ ಜನ ಸೇರುವುದಕ್ಕೆ ಅದಕ್ಕಿಂತ ತಕ್ಕ ದಿನ ಇನ್ನೊಂದಿಲ್ಲ. ಬೀಸಣಿಗೆ, ಹಣ್ಣುಗಳು ಬೇರೆ ತಿಂಗಳಿನ ನೋಟಗಳಿಂದ ಬಂದು ಸೇರಿಕೊಂಡಿದ್ದರೂ ಅಚ್ಚರಿಯಿಲ್ಲ. ಹಲವು ಕಾಲ ನೋಡಿದ್ದನ್ನು ಒಂದೇ ಸುರುಳಿಯಲ್ಲಿ ಕೂಡಿಸುವ ಹಕ್ಕು ಚಿತ್ರಕಾರನಿಗೆ ಇದ್ದೇ ಇತ್ತು.

ಊರು ಯಾವುದು ಎಂಬ ಪ್ರಶ್ನೆ ಇದಕ್ಕಿಂತ ತೊಡಕಿನದು. ಇದು ಕೈಫೆಂಗ್ ಅಲ್ಲವೇ ಅಲ್ಲ, ಕಲ್ಪನೆಯ ಆದರ್ಶ ನಗರವೆಂದು ಅಮೆರಿಕದ ಇತಿಹಾಸಕಾರ್ತಿ ವ್ಯಾಲರಿ ಹ್ಯಾನ್ಸೆನ್ 1996ರಲ್ಲಿ ವಾದಿಸಿದರು. ರಾಜಧಾನಿಯ ಹೆಸರಾಂತ ಕಟ್ಟಡಗಳಲ್ಲಿ ಒಂದನ್ನೂ ಇಲ್ಲಿ ಖಚಿತವಾಗಿ ಗುರುತಿಸಲಾಗುವುದಿಲ್ಲ, ಅಂಗಡಿಗಳ ಹೆಸರುಗಳು ಎಲ್ಲಿಯಾದರೂ ಇರಬಹುದಾದಂಥವು ಎಂಬ ಅವರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇನ್ನೊಂದು ಕಡೆಗೆ, ಕೈಫೆಂಗಿನಲ್ಲಿ ಬೆಳೆದು ಅದು ಬಿದ್ದಮೇಲೆ ದಕ್ಷಿಣಕ್ಕೆ ಓಡಿಹೋದ ಮೆಂಗ್ ಯುವಾನ್‌ಲಾವ್ ತನ್ನ ನೆನಪಿನ ಗ್ರಂಥದಲ್ಲಿ (ಅದರ ಮುನ್ನುಡಿ 1147ರದು) ಪೂರ್ವದ ನೀರಬಾಗಿಲಿನಿಂದ ಏಳು ಲಿ ದೂರದಲ್ಲಿ, ಅಂದರೆ ಸುಮಾರು ನಾಲ್ಕು ಕಿಲೋಮೀಟರ್ ಆಚೆ, ಕಂಬಗಳಿಲ್ಲದ, ಭಾರೀ ತೊಲೆಗಳಿಂದ ಕಟ್ಟಿ ಕೆಂಪು ಬಣ್ಣ ಬಳಿದ ಕಾಮನಬಿಲ್ಲಿನ ಸೇತುವೆಯನ್ನು ವರ್ಣಿಸುತ್ತಾನೆ. ಮೆಂಗ್‌ನ ನೆನಪು ಎಷ್ಟು ಗಟ್ಟಿ ಎಂಬುದಕ್ಕೆ ಈಚೆಗೆ ಒಂದು ಬಲವಾದ ಸಾಕ್ಷಿ ಸಿಕ್ಕಿದೆ. ಊರ ನಡುವಿನ ಝೌಚಿಯಾವ್ ಸೇತುವೆಯ ಪಕ್ಕದ ಕಾಲುವೆಗೋಡೆಗಳ ಮೇಲೆ ಸಮುದ್ರಕುದುರೆ, ಜಲಮೃಗ, ಮೋಡಗಳ ಕೆತ್ತನೆಯಿತ್ತೆಂದು ಅವನು ಬರೆದಿದ್ದ. 2022ರಲ್ಲಿ ಪ್ರಕಟವಾದ ಉತ್ಖನನದಲ್ಲಿ ಅದೇ ಕೆತ್ತನೆಯ ಸಾಂಗ್ ಕಾಲದ ಕಲ್ಲುಗೋಡೆಗಳು ಹಳದಿ ನದಿಯ ಹೂಳಿನ ಅಡಿಯಿಂದ ಎದ್ದು ಬಂದವು.

ಹಾಗೆಂದು ಚಿತ್ರದ ಸೇತುವೆ ಮೆಂಗ್ ಹೇಳಿದ ಅದೇ ಸೇತುವೆ ಎಂದು ಪಟ್ಟುಹಿಡಿಯಲು ನನಗೆ ಮನಸ್ಸಾಗುವುದಿಲ್ಲ. ಬಿಯಾನ್ ಉದ್ದಕ್ಕೂ ಅಂಥ ಸೇತುವೆಗಳಿದ್ದವು, ಅಂಥ ಸೇತುವೆಯಿದ್ದಲ್ಲೆಲ್ಲ ಅಂಥ ಪೇಟೆಯೂ ಇದ್ದಿರಬೇಕು. ಊರಬಾಗಿಲು ಯಾವುದೆಂದು ಹೆಸರಿಡಲಾಗದಿದ್ದರೂ, ಎಳೆಹಗ್ಗ, ಮಡಚುವ ಕೂವೆ, ಕಂಬವಿಲ್ಲದ ಕಮಾನು, ಮೂಟೆ ಇಳಿಸುವ ದಡ ಇವು ನಾಲ್ಕೂ ಕೂಡಿದ ಜಾಗ ಬಿಯಾನ್ ಕಾಲುವೆಯ ನಾಡು. ಅಷ್ಟು ಮಾತನ್ನು ಧೈರ್ಯವಾಗಿ ಹೇಳಬಹುದು, ಅದಕ್ಕಿಂತ ಹೆಚ್ಚನ್ನು ಈ ಚಿತ್ರದಿಂದ ಹಿಂಡಬೇಕಾಗಿಲ್ಲ.

ಇನ್ನು ಉದ್ದೇಶದ ಪ್ರಶ್ನೆ. ಅರಮನೆ ವಸ್ತುಸಂಗ್ರಹಾಲಯದ ವಿದ್ವಾಂಸ ಯು ಹುಯಿ ಈ ಸುರುಳಿಯನ್ನು ಅರಸನಿಗೆ ಕೊಟ್ಟ ಎಚ್ಚರಿಕೆಯೆಂದು ಓದುತ್ತಾರೆ. ಬೆಂಕಿ ಕಾಯುವ ಅಟ್ಟಣೆಯ ಮೇಲೆ ಯಾರೂ ಇಲ್ಲ, ಊರಬಾಗಿಲಿಗೆ ಕಾವಲಿಲ್ಲ, ಸರಕಾರಿ ಆಳುಗಳು ಜಡವಾಗಿ ಬಿದ್ದಿದ್ದಾರೆ, ಧಾನ್ಯದ ದೋಣಿಗಳು ಖಾಸಗಿ ವ್ಯಾಪಾರಿಗಳವು. ಇವೆಲ್ಲ ಆಡಳಿತ ಸಡಿಲಗೊಂಡದ್ದರ ಗುರುತುಗಳೆಂಬುದು ಅವರ ವಾದ. 1127ರಲ್ಲಿ ಉತ್ತರದ ಜುರ್ಚೆನ್ ಜನ ಕೈಫೆಂಗನ್ನು ಗೆದ್ದು ಹುಯಿಜೊಂಗ್ ಚಕ್ರವರ್ತಿಯನ್ನು ಸೆರೆ ಒಯ್ದ ಕಥೆ ಗೊತ್ತಿರುವ ನಮಗೆ ಈ ಓದು ತುಂಬ ಹಿಡಿಸುತ್ತದೆ, ಮತ್ತು ಆ ಕಾರಣಕ್ಕೇ ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ. ಮುಂದೆ ನಡೆದದ್ದನ್ನು ತಿಳಿದು ಹಿಂದಿನದನ್ನು ನೋಡುವಾಗ ಖಾಲಿ ಅಟ್ಟಣೆಯೂ ಮಲಗಿದ ಆಳೂ ಶಕುನಗಳಾಗಿ ತೋರುತ್ತವೆ. ಸೇತುವೆಯ ದೃಶ್ಯವನ್ನು ಅಪಾಯದ ಸಂಕೇತವೆಂದು ಓದುವವರಿಗೆ ನಾನು ಹೇಳುವುದು ಇಷ್ಟು: ಅಲ್ಲಿ ಆ ದೋಣಿಗೆ ಏನಾಗಲಿದೆ ಎಂದು ಚಿತ್ರ ಹೇಳುವುದಿಲ್ಲ, ಆದರೆ ಎಷ್ಟು ಕೈಗಳು ಅದನ್ನು ಉಳಿಸಲು ಚಾಚಿವೆ ಎಂದು ಹೇಳುತ್ತದೆ. ಗಳ ಹಿಡಿದವನ ನಿಲುವು ಗಾಬರಿಗೊಂಡವನದಲ್ಲ, ಕೆಲಸ ಬಲ್ಲವನದು. ಪಕ್ಕದ ದೋಣಿಯವರೂ ಕೂಗಿ ಸೂಚನೆ ಕೊಡುತ್ತಿದ್ದಾರೆ. ಅಲ್ಲಿ ಅಧಿಕಾರಿಯಿಲ್ಲ ಎಂಬುದು ನಿಜ, ಅಧಿಕಾರಿ ಬೇಕಾಗಿಯೂ ಇಲ್ಲ.

ಈ ಚಿತ್ರವನ್ನು ನಾಶದ ನೆನಪಾಗಿ ನೋಡುವುದು ಬಹಳ ಬೇಗ ಶುರುವಾಯಿತು. 1186ರಲ್ಲಿ ಸುರುಳಿಯ ಮೇಲೆ ಬರೆದವರು ಜುರ್ಚೆನ್ನರ ಜಿನ್ ರಾಜ್ಯದ ಪ್ರಜೆಗಳು, ಅವರ ಕಾಲಕ್ಕೆ ಬಿಯಾನ್ ನಿಂತೇಹೋಗಿತ್ತು. 1169ರಲ್ಲಿ, ದಕ್ಷಿಣಕ್ಕೆ ಸರಿದು ಉಳಿದಿದ್ದ ಸಾಂಗ್ ರಾಜ್ಯದ ರಾಯಭಾರದೊಂದಿಗೆ ಉತ್ತರಕ್ಕೆ ಹೋದ ಲೋ ಯುಯೆ, ಕಾಲುವೆ ಹೂಳು ತುಂಬಿ ಹೆಚ್ಚುಕಡಿಮೆ ದಡದ ಮಟ್ಟಕ್ಕೆ ಬಂದಿರುವುದನ್ನೂ, ಬಂಡಿ ಕುದುರೆಗಳು ಅದರೊಳಗೇ ಓಡಾಡುವುದನ್ನೂ, ಕೆಲವರು ಅದರ ಮೇಲೆ ಮನೆ ಕಟ್ಟಿಕೊಂಡಿರುವುದನ್ನೂ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಎರಡು ರಾಜ್ಯಗಳ ನಡುವೆ ಗಡಿ ಬಿದ್ದ ಮೇಲೆ ದಕ್ಷಿಣದ ಅಕ್ಕಿ ಉತ್ತರಕ್ಕೆ ಬರುವುದು ನಿಂತಿತು, ಅಕ್ಕಿ ಬಾರದ ಕಾಲುವೆಯ ಹೂಳೆತ್ತುವವರು ಇಲ್ಲವಾದರು, ನಾಲ್ಕು ದಶಕದೊಳಗೆ ಅದು ಬಂಡಿದಾರಿಯಾಯಿತು. ಸುರುಳಿ ಮಾತ್ರ ಕೈಯಿಂದ ಕೈಗೆ ಹೋಗುತ್ತ, 1920ರ ದಶಕದಲ್ಲಿ ಕೊನೆಯ ಚಕ್ರವರ್ತಿ ಪುಯಿ ಅರಮನೆಯಿಂದ ಸಾಗಿಸಿದ ವಸ್ತುಗಳ ಜೊತೆ ಈಶಾನ್ಯಕ್ಕೆ ಹೋಗಿ, 1950ರಲ್ಲಿ ಶೆನ್ಯಾಂಗಿನಲ್ಲಿ ಮತ್ತೆ ಗುರುತಿಸಲ್ಪಟ್ಟು, ಬೀಜಿಂಗಿಗೆ ಮರಳಿತು.

ಮುಂದೆ ಬಂದ ಮಿಂಗ್ ಮತ್ತು ಚಿಂಗ್ ರಾಜವಂಶಗಳ ಕಾಲದ ಚಿತ್ರಕಾರರು ಇದೇ ಹೆಸರಿನಲ್ಲಿ ಹತ್ತಾರು ಸುರುಳಿಗಳನ್ನು ಬರೆದರು. ಅವುಗಳಲ್ಲಿ ಹೆಸರಾದದ್ದು 1736ರಲ್ಲಿ ಐವರು ಆಸ್ಥಾನ ಚಿತ್ರಕಾರರು ಸೇರಿ ಮುಗಿಸಿದ, ಈಗ ತೈಪೆಯಲ್ಲಿರುವ ಸುರುಳಿ. ಅದು 11 ಮೀಟರಿಗೂ ಉದ್ದ, ಬಣ್ಣ ತುಂಬಿದ್ದು, ಅದರ ಸೇತುವೆ ಕಲ್ಲಿನದು. ಮಿಂಗ್ ಕಾಲದ ಹಲವು ಪ್ರತಿಗಳು ರೇಷ್ಮೆಯ ಊರಾದ ಸುಝೌದಲ್ಲಿ ಹುಟ್ಟಿದವು, ಅಲ್ಲಿನ ಕಿರಿದಾದ ಕಾಲುವೆಗಳೂ ಕಲ್ಲು ಕಮಾನುಗಳೂ ಅಂಗಡಿಗಳೂ ಅವುಗಳೊಳಗೆ ಬಂದು ಕುಳಿತಿವೆ. ಬಿಯಾನನ್ನು ಕಾಣದ ಆ ಚಿತ್ರಕಾರರು ತಮ್ಮ ಕಣ್ಣೆದುರಿನ ನೀರನ್ನೇ ಬರೆದರು. ಅವನ್ನು ಮೂಲದ ಸಡಿಲ ನಕಲುಗಳೆಂದು ಬದಿಗಿಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅವು ಸುಝೌದ ನೀರಿಗೆ ಸಾಕ್ಷಿಗಳು. ಕೂವೆಯ ತುದಿಗೆ ಕಟ್ಟಿದ್ದೇನು, ದೋಣಿಯನ್ನು ಎಳೆಯುವವರು ಯಾರು, ಮೂಟೆ ಎಣಿಸುವವನು ಎಲ್ಲಿ ಕುಳಿತಿದ್ದಾನೆ ಎಂಬ ಪ್ರಶ್ನೆಗಳನ್ನು ಅವುಗಳ ಮುಂದೆಯೂ ಇಡಬೇಕು. ತೈಪೆಯ ಸುರುಳಿಯ ದೊಡ್ಡ ಪ್ರತಿಯೂ ಜಾಲದಲ್ಲಿ ಸಿಗುವುದರಿಂದ, ನನ್ನ ಮುಂದಿನ ಕೆಲಸ ಎರಡೂ ಸೇತುವೆಗಳ ಕೆಳಗಿನ ದೋಣಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಹಗ್ಗದಿಂದ ಹಗ್ಗಕ್ಕೆ, ಗಳದಿಂದ ಗಳಕ್ಕೆ ಹೋಲಿಸಿ ನೋಡುವುದು.